ಕಾರ್ಬನ್ ಫೈಬರ್ ಬಾಡಿ ಹಾಕಿದ್ರೆ ಲೀಟರಿಗೆ ಸಾವಿರಾರು ಕಿಲೋಮೀಟರ್ ಬರುತ್ತಾ?

ಪ್ರಶ್ನೆ: ಕಾಲೇಜು ಹುಡುಗರು ಕಟ್ಟಿದ ಕಾರು ಒಂದು ಲೀಟರಿಗೆ ಸಾವಿರಾರು ಕಿಲೋಮೀಟರ್ ಓಡಿತು ಅಂತ ಸುದ್ದಿ ಬರುತ್ತಿರುತ್ತದೆ. ಗುಟ್ಟೆಲ್ಲ ಆ ಕಾರ್ಬನ್ ಫೈಬರ್ ಬಾಡಿಯಲ್ಲೇ ಇದೆಯಾ? ಹಾಗಾದ್ರೆ ನಮ್ಮ ಕಾರಿಗೆ ಯಾಕೆ ಅದನ್ನು ಹಾಕೋದಿಲ್ಲ?

ಅರ್ಧ ಗುಟ್ಟು ಅದರಲ್ಲಿದೆ. ಉಳಿದರ್ಧ ಆಕಾರದಲ್ಲಿದೆ.

ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ವಿದ್ಯಾರ್ಥಿಗಳು ಕಟ್ಟಿದ ಪ್ಯಾಕ್-ಕಾರ್ 2 ನೋಡಿ. 2005ರ ಜೂನ್‌ನಲ್ಲಿ, ಫ್ರಾನ್ಸಿನಲ್ಲಿ ನಡೆದ ಶೆಲ್ ಇಕೋ-ಮ್ಯಾರಥಾನ್‌ನಲ್ಲಿ (ಕಮ್ಮಿ ಇಂಧನದಲ್ಲಿ ಹೆಚ್ಚು ದೂರ ಓಡುವ ಸ್ಪರ್ಧೆ) ಅದು ಹೈಡ್ರೋಜನ್ ಮೇಲೆ ಓಡಿತು. ಪೆಟ್ರೋಲಿನ ಲೆಕ್ಕಕ್ಕೆ ತಂದರೆ ಲೀಟರಿಗೆ 5,385 ಕಿಲೋಮೀಟರ್! ಮೂರು ಚಕ್ರದ ಆ ಗಾಡಿಯ ತೂಕ ಸುಮಾರು 30 ಕೆಜಿ. ಅಂದರೆ ಮನೆಯ ತುಂಬಿದ ಗ್ಯಾಸ್ ಸಿಲಿಂಡರಿನಷ್ಟು.

ಓಡಿಸುವವರ 50 ಕೆಜಿ ಸೇರಿಸಿದರೆ ಒಟ್ಟು 80. ಇಂಥ ಗಾಡಿಗೆ ಹಾಕುವ ವಿಶೇಷ ಟೈರುಗಳು ನೆಲದ ಮೇಲೆ ಉರುಳುವಾಗ ತೂಕದ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಹಿಂದಕ್ಕೆ ಎಳೆಯುತ್ತವೆ. ಅಂದರೆ ಬರೀ 80 ಗ್ರಾಂ. ಅಂಗೈಯಲ್ಲಿ ಒಂದು ಏಲಕ್ಕಿ ಬಾಳೆಹಣ್ಣು ಇಟ್ಟುಕೊಂಡ ಹಾಗೆ! ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗಾಳಿಯೂ ಹೆಚ್ಚುಕಮ್ಮಿ ಇನ್ನೊಂದು ಬಾಳೆಹಣ್ಣಿನಷ್ಟು ತಡೆಯುತ್ತದೆ. ತೂಕ ಇಳಿಸಿದರೆ ಮೊದಲನೆಯದು ಕಮ್ಮಿಯಾಗುತ್ತದೆ. ಎರಡನೆಯದಕ್ಕೆ ಮೈ ನುಣುಪಾಗಿ, ನೀರಹನಿಯ ಹಾಗೆ ಬಾಲ ಸಣ್ಣಗಾಗಿ ಇರಬೇಕು. ಕಾರ್ಬನ್ ಫೈಬರ್ ಇಲ್ಲಿ ಎರಡೂ ಕಡೆ ಕೆಲಸಕ್ಕೆ ಬರುತ್ತದೆ. ಬೇಕಾದ ಆಕಾರಕ್ಕೆ ಬಾಗುತ್ತದೆ, ಗಟ್ಟಿಯಾದ ಮೇಲೆ ಒಳಗೆ ಬೇರೆ ಅಸ್ಥಿಪಂಜರವೇ ಬೇಡ.

ಗಟ್ಟಿಯಾಗುವ ಮುಂಚೆ ಅದು ಸುಮ್ನೆ ಒಂದು ಕಪ್ಪು ಬಟ್ಟೆ ಅಷ್ಟೇ. ಥಾನಿನ ಹಾಗೆ ಸುತ್ತಿಕೊಂಡು ಬರುತ್ತದೆ, ಕತ್ತರಿಯಲ್ಲಿ ಕತ್ತರಿಸಬಹುದು. ಮೊದಲು ಫೋಮಿನಲ್ಲಿ ಪೂರ್ತಿ ಗಾಡಿಯ ಆಕಾರ ಕೆತ್ತಿ, ಪುಟ್ಟಿ ಬಳಿದು, ಕೈ ಸೋಲುವ ತನಕ ಉಜ್ಜುತ್ತಾರೆ. ಅದರ ಮೇಲೆ ಅಚ್ಚು ತೆಗೆಯುತ್ತಾರೆ. ಅಚ್ಚಿಗೆ ಮೇಣ ಹಚ್ಚಿ ಬಟ್ಟೆ ಹಾಸಿ, ಎಪಾಕ್ಸಿ ಅಂಟು ಕುಡಿಸುತ್ತಾರೆ. ನಡುವೆ ಜೇನುಗೂಡಿನಂಥ ಹಗುರ ಹಾಳೆ, ಮೇಲೆ ಇನ್ನೊಂದು ಪದರ ಬಟ್ಟೆ.

ಹೊಸಬರು ಎಡವುವುದು ಅಂಟಿನಲ್ಲಿ. ಗಟ್ಟಿಯಾಗಲಿ ಅಂತ ಧಾರಾಳವಾಗಿ ಸುರಿಯುತ್ತಾರೆ. ಆದರೆ ಬಲ ಇರೋದು ನೂಲಿನಲ್ಲಿ, ಹೆಚ್ಚಾದ ಅಂಟು ಬರೀ ಭಾರ. ಅದಕ್ಕೇ ಬಟ್ಟೆಯನ್ನೂ ಅಂಟನ್ನೂ ತೂಗಿಯೇ ಕೆಲಸ ಶುರು ಮಾಡಬೇಕು. ಆಮೇಲೆ ಎಲ್ಲದರ ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಅಂಟುಪಟ್ಟಿ ಮೆತ್ತಿ, ಪಂಪಿನಿಂದ ಗಾಳಿ ಎಳೆಯುತ್ತಾರೆ. ಪದರಗಳು ಒತ್ತಿಕೊಂಡು ಹೆಚ್ಚುವರಿ ಅಂಟು ಹೊರಗೆ ಬರುತ್ತದೆ. ಎಲ್ಲೋ ಸೂಜಿಮೊನೆಯಷ್ಟು ತೂತಿದ್ದರೆ 'ಸುಯ್' ಅನ್ನುತ್ತದೆ. ಆಗ ಎಲ್ಲರೂ ಬಾಯಿ ಮುಚ್ಚಿಕೊಂಡು, ಅಂಚಿಗೆ ಕಿವಿ ಕೊಟ್ಟು ಹುಡುಕಬೇಕು. ತಡ ಮಾಡೋ ಹಾಗಿಲ್ಲ, ಅಂಟು ಗಟ್ಟಿಯಾಗುತ್ತಾ ಬರುತ್ತದೆ. ಕಲಸಿದ ಎಪಾಕ್ಸಿ ಲೋಟದಲ್ಲೇ ಗುಡ್ಡೆಯಾಗಿ ಉಳಿದರೆ ತಾನೇ ಕಾದು ಹೊಗೆ ಬರುತ್ತದೆ. ಗಟ್ಟಿಯಾದ ಮೇಲೆ ಕತ್ತರಿಸುವಾಗ ಏಳುವ ಪುಡಿ ಮೈಯೆಲ್ಲ ತುರಿಸುತ್ತದೆ, ಮಾಸ್ಕ್ ಇಲ್ಲದೆ ಕೈಹಾಕಬಾರದು.

ಇನ್ನು ನಿಮ್ಮ ಕಾರಿನ ವಿಷಯ. ಒಂದೊಂದು ಬಾಡಿಗೂ ಇಷ್ಟು ಕೈಕೆಲಸ ಅಂದರೆ ಬೆಲೆ ಎಲ್ಲಿಗೆ ಹೋಗುತ್ತದೆ ಹೇಳಿ. ತಗಡು ನೆಗ್ಗಿದರೆ ಟಿಂಕರಿಂಗ್‌ನವರು ಬಡಿದು ಸರಿಮಾಡುತ್ತಾರೆ. ಇದು ನೆಗ್ಗುವುದಿಲ್ಲ, ಒಡೆಯುತ್ತದೆ. ಅಲ್ಲದೆ ದಾಖಲೆಯ ಗಾಡಿಯಲ್ಲಿ ಒಬ್ಬರೇ ಮಲಗಿಕೊಂಡು ಓಡಿಸಬೇಕು. ಎಸಿ ಇಲ್ಲ, ಡಿಕ್ಕಿ ಇಲ್ಲ, ದಾರಿಯಲ್ಲಿ ಸಿಗ್ನಲ್ಲೂ ಇಲ್ಲ.

ರಸ್ತೆಗೆ ತಂದವರೂ ಇದ್ದಾರೆ. ಫೋಕ್ಸ್‌ವ್ಯಾಗನ್‌ನ ಎಕ್ಸ್ಎಲ್1 ಎರಡು ಸೀಟಿನ ಡೀಸೆಲ್ ಹೈಬ್ರಿಡ್, ಬಾಡಿ ಕಾರ್ಬನ್ ಫೈಬರಿನದು. ಲೈಟು, ಬಾಗಿಲು, ಬ್ಯಾಟರಿ ಎಲ್ಲ ಸೇರಿ ತೂಕ 795 ಕೆಜಿಗೆ ಏರಿತು. ಕಂಪನಿಯ ಲೆಕ್ಕದಲ್ಲಿ ಮೈಲೇಜ್ ಲೀಟರಿಗೆ 111 ಕಿಲೋಮೀಟರ್. ತಯಾರಿಸಿದ್ದು 250 ಕಾರು ಮಾತ್ರ.