ಗೊಂಬೆಗೆ ಜೀನ್ಸ್ ತೊಡಿಸಿ ನೋಡಿ

‘ಗೊಂಬೆಗೆ ಬಟ್ಟೆ ತೊಡಿಸುವುದಕ್ಕೂ ಕೋರ್ಸ್ ಬೇಕೇ ಮೇಡಂ?’ ವಿಷುವಲ್ ಮರ್ಚಂಡೈಸಿಂಗ್, ಅಂದರೆ ಅಂಗಡಿಯ ಸರಕನ್ನು ಗಿರಾಕಿಯ ಕಣ್ಣು ಸೆಳೆಯುವಂತೆ ಜೋಡಿಸಿ ತೋರಿಸುವ ವಿದ್ಯೆಯ ತರಬೇತಿಯ ಬಗ್ಗೆ ವಿಚಾರಿಸಲು ಬರುವ ತಂದೆತಾಯಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನಾನು ವಾದಕ್ಕೆ ಇಳಿಯುವುದಿಲ್ಲ. ಒಂದು ಗೊಂಬೆಯನ್ನೂ ಕಾಲಿಗಂಟುವ ಒಂದು ಜೀನ್ಸ್ ಪ್ಯಾಂಟನ್ನೂ ಮುಂದಿಟ್ಟು, ತೊಡಿಸಿ ನೋಡಿ ಎನ್ನುತ್ತೇನೆ.

ಗೊಂಬೆಯ ಮೊಣಕಾಲು ಮಡಚುವುದಿಲ್ಲ, ಪಾದ ಬಾಗುವುದಿಲ್ಲ. ನಿಂತ ಗೊಂಬೆಗೆ ಪ್ಯಾಂಟ್ ಏರಿಸಲು ಹೋದರೆ ಹಿಮ್ಮಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಪಳಗಿದವರು ಮೊದಲು ಸೊಂಟದ ಮೇಲಿನ ಭಾಗವನ್ನು ಬಿಚ್ಚಿಡುತ್ತಾರೆ. ಕಳಚಲು ಬರುವ ಕಾಲನ್ನು ಬೇರ್ಪಡಿಸಿ, ಉಳಿದದ್ದನ್ನು ತಲೆಕೆಳಗು ಮಾಡಿ ಬಟ್ಟೆ ಇಳಿಸುತ್ತಾರೆ. ಗೊಂಬೆಯನ್ನು ನಿಲ್ಲಿಸುವ ಕಂಬಿ ಮೀನಖಂಡಕ್ಕೆ ಸೇರುವಂಥದ್ದಾದರೆ ಪ್ಯಾಂಟಿನ ಹೊಲಿಗೆಯನ್ನು ಒಂದಿಷ್ಟು ಬಿಚ್ಚಬೇಕು. ಅಂಗಾಲಿಗೆ ಸೇರುವಂಥದ್ದಾದರೆ ಪ್ಯಾಂಟ್ ಉಳಿಯುತ್ತದೆ, ಶೂಗೆ ತೂತು ಬೀಳುತ್ತದೆ. ಆಮೇಲೆ ತೊಡೆಯ ಸಡಿಲಕ್ಕೆ ಟಿಶ್ಯೂ ಕಾಗದ, ಸೊಂಟದ ಹಿಂದೆ ಮಡಿಕೆ ಹಿಡಿದು ಕ್ಲಿಪ್. ಶೋಕೇಸಿನ ಹಿಂಬದಿ ತೆರೆದಿದ್ದರೆ ಆ ಕ್ಲಿಪ್ಪು ಅಂಗಡಿಯೊಳಗಿನ ಗಿರಾಕಿಗೆ ಕಾಣುತ್ತದೆ, ಹಾಗಾಗಿ ಅಲ್ಲಿ ಗುಂಡುಸೂಜಿಯನ್ನು ಮಡಿಕೆಯೊಳಗೇ ಅಡಗಿಸಬೇಕು. ಇಷ್ಟಾಗುವ ಹೊತ್ತಿಗೆ ಕೋರ್ಸಿನ ಪ್ರಶ್ನೆ ಯಾರ ಬಾಯಲ್ಲೂ ಉಳಿದಿರುವುದಿಲ್ಲ.

ಈ ವಿದ್ಯೆ ಕಲಿಯಲು ಬಳ್ಳಾರಿಗಿಂತ ಒಳ್ಳೆಯ ಊರು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಜೀನ್ಸ್ ಹೊಲಿಯುವುದರಲ್ಲಿ ನಮ್ಮ ಊರು ಹೆಸರು ಮಾಡಿದೆ, ಹೊಲಿದಷ್ಟು ಚೆನ್ನಾಗಿ ಅದನ್ನು ತೋರಿಸಲು ಮಾತ್ರ ನಾವಿನ್ನೂ ಕಲಿತಿಲ್ಲ. ಜೀನ್ಸ್ ಕಷ್ಟದ ಸರಕು. ಎಲ್ಲವೂ ನೀಲಿ, ಎಲ್ಲವೂ ಒಂದೇ ಆಕಾರ. ಗೋಡೆ ತುಂಬ ಒಟ್ಟಿದರೆ ಗಿರಾಕಿಗೆ ಕಾಣುವುದು ನೀಲಿ ಗೋಡೆಯೊಂದೇ. ಜೀನ್ಸಿನ ಬಣ್ಣ ತಿಳಿಗೊಳಿಸುವ ವಾಷಿಂಗ್‌ನಲ್ಲಿ ಬಂದ ಬಣ್ಣದ ಏರಿಳಿತವೇ ಇಲ್ಲಿ ನಮಗಿರುವ ಬಂಡವಾಳ. ಎಡದಿಂದ ಬಲಕ್ಕೆ ತೆಳು ನೀಲಿಯಿಂದ ಕಡುನೀಲಿಗೆ ಸಾಗಬೇಕು. ಒಂದೊಂದು ಅಟ್ಟಿಯಲ್ಲಿ ಚಿಕ್ಕ ಅಳತೆ ಮೇಲೆ, ದೊಡ್ಡದು ಕೆಳಗೆ. ಹಿಂದಿನ ಜೇಬು ಹೊರಗೆ ಕಾಣುವಂತೆ ಮಡಚಬೇಕು, ಏಕೆಂದರೆ ಕಸೂತಿ, ರಿವೆಟ್ ಇತ್ಯಾದಿ ಗುರುತೆಲ್ಲ ಇರುವುದು ಅಲ್ಲೇ. ನಡುವೆ ಕಣ್ಣಿನ ಮಟ್ಟದಲ್ಲಿ ಒಂದೇ ಒಂದು ಸಾಸಿವೆ ಬಣ್ಣದ ಅಂಗಿ ತೂಗಿಹಾಕಿದರೆ ನೋಟ ಅಲ್ಲಿ ನಿಂತು, ಸುತ್ತಲಿನ ನೀಲಿಗಳನ್ನು ಬಿಡಿಬಿಡಿಯಾಗಿ ನೋಡಲು ತೊಡಗುತ್ತದೆ.

ಜವಳಿ ಅಂಗಡಿಯ ಗಾದಿಯ ಮೇಲೆ ಕೂತು ಇಳಕಲ್ ಸೀರೆಯ ಸೆರಗು ಹರವುವ ಹಿರಿಯರಿಗೆ ಇದೆಲ್ಲ ಬೇಕಿಲ್ಲ. ಗಿರಾಕಿಯ ಕಣ್ಣು ಎಲ್ಲಿ ನಿಂತಿತೆಂದು ನೋಡಿಕೊಂಡೇ ಅವರು ಮುಂದಿನ ಸೀರೆ ಎಳೆಯುತ್ತಾರೆ. ಶೋಕೇಸಿಗೆ ಆ ಅವಕಾಶವಿಲ್ಲ. ರಸ್ತೆಯಲ್ಲಿ ನಡೆದು ಹೋಗುವವರಿಗೆ ಕೆಲವೇ ಕ್ಷಣಗಳಲ್ಲಿ, ಒಂದೇ ಸಲಕ್ಕೆ ಹೇಳಿ ಮುಗಿಸಬೇಕು. ಒಂದು ಶೋಕೇಸಿಗೆ ಒಂದೇ ಮಾತು ಎಂದು ನಾನು ಪಟ್ಟು ಹಿಡಿಯುವುದು ಅದಕ್ಕೇ. ದೀಪಾವಳಿಗೆ ಇದ್ದಬದ್ದ ಹನ್ನೆರಡು ಗೊಂಬೆಗಳನ್ನೂ ಸಾಲಾಗಿ ನಿಲ್ಲಿಸುವ ಮಾಲೀಕರ ಜತೆ ಇದೇ ಕಾರಣಕ್ಕೆ ಪ್ರತಿ ವರ್ಷ ಜಗಳವಾಡುತ್ತೇನೆ.

ಬೆಳಕಿನ ಪಾಠವನ್ನು ನಮ್ಮ ಬಿಸಿಲಿನಲ್ಲೇ ಕಲಿಯಬೇಕು. ಹಗಲಿನಲ್ಲಿ ಹೊರಗೆ ಬೆಳಕು ಜಾಸ್ತಿ, ಒಳಗೆ ಕಡಿಮೆ. ಆಗ ಗಾಜು ಕನ್ನಡಿಯಾಗುತ್ತದೆ: ಬೆಂಗಳೂರು ರಸ್ತೆಯ ಆಟೊಗಳು ಅದರಲ್ಲಿ ಕಾಣುತ್ತವೆ, ಬಟ್ಟೆ ಕಾಣುವುದಿಲ್ಲ. ಹಿನ್ನೆಲೆಗೆ ಕಪ್ಪು ಬಳಿದರೆ ಪ್ರತಿಬಿಂಬ ಇನ್ನೂ ಗಾಢವಾಗುತ್ತದೆ, ತಿಳಿ ಬಣ್ಣ ಹಾಕಿದರೆ ಅರ್ಧ ಸಮಸ್ಯೆ ತೀರುತ್ತದೆ. ಉಳಿದರ್ಧಕ್ಕೆ ಸ್ಪಾಟ್ ದೀಪ. ಅದನ್ನು ಲಂಬಕ್ಕೆ ಸುಮಾರು 30 ಡಿಗ್ರಿ ವಾಲಿಸಿ ಬಟ್ಟೆಯ ಮೇಲೆ ಬೀಳಿಸಬೇಕು, ನೋಡುವವರ ಕಣ್ಣಿಗೆ ಹೊಡೆಯಬಾರದು. ಎಲ್‌ಇಡಿ ಕೊಳ್ಳುವಾಗ ವ್ಯಾಟ್ ಮಾತ್ರ ಕೇಳಿದರೆ ಸಾಲದು. ಡಬ್ಬಿಯ ಮೇಲೆ ಸಿಆರ್‌ಐ ಎಂಬ ಅಂಕಿ ಇರುತ್ತದೆ, ಆ ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದರ ಅಳತೆ ಅದು; ಬಟ್ಟೆಗೆ ಅದು 90ಕ್ಕಿಂತ ಹೆಚ್ಚಿರಲಿ. ಅಗ್ಗದ ದೀಪದ ಕೆಳಗೆ ಕಡುನೀಲಿಯೂ ಕಪ್ಪೂ ಒಂದೇ ಎನಿಸುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಶೋಕೇಸಾದರೆ ಬಟ್ಟೆಯನ್ನು ಬೇಗ ಬೇಗ ಬದಲಿಸಬೇಕು, ಇಲ್ಲವಾದರೆ ಮಡಿಕೆಯ ಗೆರೆಯಲ್ಲಿ ಬಣ್ಣ ಹಾರಿ, ಆ ಜೀನ್ಸ್ ಮಾರಲು ಬಾರದಂತಾಗುತ್ತದೆ.

ಕಲಿಯುವುದೆಲ್ಲಿ? ಬೆಂಗಳೂರಿನ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್‌ನ ನಾಲ್ಕು ವರ್ಷದ ಫ್ಯಾಷನ್ ಕಮ್ಯುನಿಕೇಷನ್ ಪದವಿಯಲ್ಲಿ ಇದೂ ಒಂದು ವಿಷಯ. ಅಷ್ಟು ದೂರ, ಅಷ್ಟು ಖರ್ಚು ಆಗದವರಿಗೆ ಅಲ್ಪಾವಧಿ ಕೋರ್ಸುಗಳೂ ಅಂಗಡಿಯಲ್ಲೇ ಕೆಲಸ ಕಲಿಯುವ ಅಪ್ರೆಂಟಿಸ್ ದಾರಿಯೂ ಇವೆ. ಚಿಲ್ಲರೆ ವ್ಯಾಪಾರ ಕ್ಷೇತ್ರದ ಕೌಶಲ ಮಂಡಳಿ ರಾಸ್ಕಿಯ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಕೇಳಿ. ಅದಕ್ಕಿಂತ ಮೊದಲು ಸಂಸ್ಥೆಯೊಳಗೆ ಒಂದು ಸುತ್ತು ಹಾಕಿ. ಗಾಜಿರುವ ನಿಜವಾದ ಶೋಕೇಸ್, ಗೊಂಬೆ, ತಿರುಗಿಸಬಹುದಾದ ದೀಪ, ಸ್ಟೀಮರ್, ಏಣಿ ಕಂಡರೆ ಹಣ ಕಟ್ಟಿ. ಕಂಪ್ಯೂಟರ್ ಮಾತ್ರ ಕಂಡರೆ ವಾಪಸ್ ಬನ್ನಿ. ಸಾಫ್ಟ್‌ವೇರ್ ಬೇಡವೆಂದಲ್ಲ, ಆದರೆ ಅದು ಎರಡನೆಯ ಪಾಠ.

ಕಲಾವಿದ ಮನಸ್ಸಿನ ಮಕ್ಕಳಿಗೆ ಒಂದು ಕಿವಿಮಾತು. 1939ರಲ್ಲಿ ನ್ಯೂಯಾರ್ಕಿನ ಬಾನ್‌ವಿಟ್ ಟೆಲ್ಲರ್ ಮಳಿಗೆಗೆ ಚಿತ್ರಕಲಾವಿದ ಸಾಲ್ವಡಾರ್ ಡಾಲಿ ಶೋಕೇಸ್ ಮಾಡಿಕೊಟ್ಟರು. ಮಳಿಗೆಯವರು ಅದನ್ನು ಬದಲಿಸಿದ್ದಕ್ಕೆ ಸಿಟ್ಟಾದ ಡಾಲಿ ಒಳಗೆ ನುಗ್ಗಿದರು, ಕೊನೆಗೆ ಶೋಕೇಸಿನಲ್ಲಿದ್ದ ಸ್ನಾನದ ತೊಟ್ಟಿ ಗಾಜು ಒಡೆದುಕೊಂಡು ಬೀದಿಗೆ ಬಂತು. ಡಾಲಿಗೆ ಅದು ಪ್ರಚಾರವಾಯಿತು, ನೀವು ಹಾಗೆ ಮಾಡಿದರೆ ಕೆಲಸವೇ ಹೋಗುತ್ತದೆ. ದೊಡ್ಡ ಸರಣಿ ಮಳಿಗೆಗಳಲ್ಲಿ ಯಾವ ರ್ಯಾಕ್ ಎಲ್ಲಿ, ಯಾವ ಗೊಂಬೆಗೆ ಏನು ಎಂಬ ನಕ್ಷೆ ಮುಖ್ಯ ಕಚೇರಿಯಿಂದ ಬರುತ್ತದೆ. ಅದರಂತೆ ಜೋಡಿಸಿ ಫೋಟೊ ಕಳಿಸುವುದೇ ಮೊದಲ ವರ್ಷಗಳ ಕೆಲಸ, ಅದೂ ಹೆಚ್ಚಾಗಿ ಅಂಗಡಿ ಮುಚ್ಚಿದ ಮೇಲೆ ರಾತ್ರಿಯಲ್ಲಿ. ಹೆಣ್ಣುಮಕ್ಕಳು ಸಂದರ್ಶನದಲ್ಲೇ ರಾತ್ರಿ ಮನೆಗೆ ಬಿಡುವ ವಾಹನದ ವ್ಯವಸ್ಥೆ ಕೇಳಿಕೊಳ್ಳಬೇಕು, ಅದರಲ್ಲಿ ಸಂಕೋಚವೇನಿಲ್ಲ.

ಸಂದರ್ಶನಕ್ಕೆ ಹೋಗುವ ಮುನ್ನ ಪರಿಚಯದ ಅಂಗಡಿಯೊಂದರಲ್ಲಿ ಒಂದು ಮೂಲೆ ಕೇಳಿ ಪಡೆಯಿರಿ. ಬದಲಿಸುವ ಮೊದಲು ಒಂದು ಫೋಟೊ, ಬದಲಿಸಿದ ಮೇಲೆ ಅದೇ ಜಾಗದಿಂದ ಇನ್ನೊಂದು. ಆ ಮೂಲೆಯ ಸರಕು ಹಿಂದಿನ ವಾರ ಎಷ್ಟು ಹೋಗಿತ್ತು, ಈ ವಾರ ಎಷ್ಟು ಹೋಯಿತು ಎಂದು ಮಾಲೀಕರ ಬಿಲ್ ಪುಸ್ತಕ ನೋಡಿ ಫೋಟೊದ ಕೆಳಗೆ ಬರೆಯಿರಿ. ಮಾರಾಟ ಇಳಿದಿದ್ದರೂ ಬರೆಯಿರಿ, ಏಕೆ ಇಳಿಯಿತೆಂದು ಸಂದರ್ಶಕರು ಖಂಡಿತ ಕೇಳುತ್ತಾರೆ.