ಫಿಟ್ಸ್ ಬಂದವರಿಗೆ ಖಿನ್ನತೆ ಯಾಕೆ ಬರುತ್ತದೆ? ಕಳಂಕದ ಪಾಠ, ನನ್ನ ಟಿಪ್ಪಣಿ

ಈ ಪಾಠದಲ್ಲಿ ನಾನು ಮೊದಲು ಎಡವಿದ್ದು ಇಲ್ಲಿ: ಫಿಟ್ಸ್ ಜಾಸ್ತಿಯಾದರೆ ಬೇಸರ ಜಾಸ್ತಿ, ಕಡಿಮೆಯಾದರೆ ಬೇಸರವೂ ಕಡಿಮೆ ಅಂದುಕೊಂಡಿದ್ದೆ. ಲೆಕ್ಕ ಅಷ್ಟು ಸುಲಭವಾಗಿಲ್ಲ. ವರ್ಷಕ್ಕೆ ಒಂದೇ ಸಲ ಫಿಟ್ಸ್ ಬರುವವರು ಉಳಿದ 364 ದಿನ ಅದನ್ನೇ ಕಾಯುತ್ತಾ ಕೂತಿರಬಹುದು.

ಮೊದಲು ಮೂರು ಅಂಕಿ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆ ರೋಗವಿದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ಇವರಲ್ಲಿ ನೂರಕ್ಕೆ ಸುಮಾರು 23 ಜನರಲ್ಲಿ ಖಿನ್ನತೆ ಕಂಡಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಫಿಟ್ಸ್ ನಿಂತ ತಕ್ಷಣ ಮನಸ್ಸು ಸರಿಹೋಗುತ್ತದೆ ಅಂತೇನಿಲ್ಲ. ಅಲ್ಲಿಗೆ ಕಳಂಕದ ಮಾತು ಬರುತ್ತದೆ.

1986ರಲ್ಲಿ ಬ್ರಿಟನ್ನಿನ ಸಂಶೋಧಕರಾದ ಗ್ರಹಾಂ ಸ್ಕಾಂಬ್ಲರ್ ಮತ್ತು ಆಂಥೊನಿ ಹಾಪ್ಕಿನ್ಸ್ ಕಳಂಕವನ್ನು ಎರಡಾಗಿ ಬಿಡಿಸಿ ತೋರಿಸಿದರು. ನೆನಪಿಗೆ ಸುಲಭವಾಗಲಿ ಎಂದು ನಾನು ಅವನ್ನು ಹೊರಗಿನ ಕಳಂಕ, ಒಳಗಿನ ಕಳಂಕ ಅಂತ ಕರೆದುಕೊಂಡಿದ್ದೇನೆ. ಕೆಲಸದಿಂದ ತೆಗೆಯುವುದು, ಸಂಬಂಧ ಮುರಿಯುವುದು, ಪಕ್ಕದಲ್ಲಿ ಕೂರದಿರುವುದು, ಇವೆಲ್ಲ ಹೊರಗಿನದು. ‘ಗೊತ್ತಾದರೆ ಏನಂದುಕೊಳ್ಳುತ್ತಾರೋ’ ಎಂಬ ಅಂಜಿಕೆ, ಅದರ ಜೊತೆಗಿನ ನಾಚಿಕೆ ಒಳಗಿನದು. ಈ ಇಬ್ಬರು ಮಾತಾಡಿಸಿದ ಮೂರ್ಛೆ ರೋಗದವರಲ್ಲಿ ನಿಜವಾಗಿ ಯಾರಿಂದಲೋ ಅವಮಾನ ಪಟ್ಟವರು ಕಡಿಮೆ, ಅಂಜಿಕೆ ಹೊತ್ತವರೇ ಜಾಸ್ತಿ. ಬದುಕನ್ನು ಹೆಚ್ಚು ಕೆಡಿಸಿದ್ದೂ ಆ ಅಂಜಿಕೆಯೇ.

ಹಾಗಂತ ಹೊರಗಿನ ಕಳಂಕ ಬರೀ ಕಲ್ಪನೆ ಅಂತ ಬರೆದುಬಿಡಬೇಡಿ. ಅದು ಕಾನೂನಿನಲ್ಲೇ ಕೂತಿತ್ತು. ಅಮೆರಿಕದಲ್ಲಿ ಫಿಟ್ಸ್ ಬರುವವರನ್ನು ಹೋಟೆಲು, ನಾಟಕಮಂದಿರಗಳಿಗೆ ಬಿಡದಿರಲು 1970ರ ದಶಕದವರೆಗೂ ಕಾನೂನಿನ ಅಡ್ಡಿ ಇರಲಿಲ್ಲ. ಭಾರತದ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಎಂದಿದ್ದ ಅಪಸ್ಮಾರ (ಮೂರ್ಛೆ ರೋಗ) ಎಂಬ ಪದವನ್ನು ತೆಗೆದದ್ದು 1999ರಲ್ಲಿ. ಅಂಜಿಕೆಗೆ ಕಾರಣ ಇತ್ತು, ಅಲ್ವಾ?

ಈಗ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹಾಸ್ಟೆಲಿನಲ್ಲಿ ಇದ್ದಾಳೆ. ಶೀಟಿನಿಂದ ಮಾತ್ರೆಗಳನ್ನು ಒಂದೊಂದಾಗಿ ಬಿಡಿಸಿ ವಿಟಮಿನ್ ಡಬ್ಬಿಗೆ ಸುರಿದಿಟ್ಟಿದ್ದಾಳೆ. ರಾತ್ರಿ ಬಚ್ಚಲುಮನೆಯ ಚಿಲಕ ಹಾಕಿಕೊಂಡು ನಲ್ಲಿ ನೀರಲ್ಲೇ ನುಂಗುತ್ತಾಳೆ. ಗೆಳತಿಯರ ಜೊತೆ ಎರಡು ದಿನ ಪ್ರವಾಸ ಹೊರಟಾಗ ಡಬ್ಬಿ ಒಯ್ಯುವುದಿಲ್ಲ. ಯಾರಾದರೂ ಕೇಳಿದರೆ? ಮಾತ್ರೆ ತಪ್ಪುತ್ತದೆ, ನಿದ್ದೆ ಕೆಡುತ್ತದೆ, ಎಲ್ಲರ ಎದುರೇ ಫಿಟ್ಸ್ ಬರುತ್ತದೆ. ಮರುದಿನದಿಂದ ಅವಳು ಯಾರ ಜೊತೆಗೂ ಎಲ್ಲಿಗೂ ಹೋಗುವುದಿಲ್ಲ. ಮುಚ್ಚಿಡಬೇಕೆಂದೇ ಮಾತ್ರೆ ಬಿಟ್ಟಳು, ಮಾತ್ರೆ ಬಿಟ್ಟಿದ್ದಕ್ಕೇ ಎಲ್ಲರಿಗೂ ಗೊತ್ತಾಯಿತು. ಒಂಟಿತನ ಶುರುವಾದದ್ದು ಅಲ್ಲಿಂದ.

ಮುಚ್ಚಿಡುವುದನ್ನು ಅವಳಿಗೆ ಕಲಿಸಿದವರು ಯಾರು? ಎಷ್ಟೋ ಸಲ ಮನೆಯವರೇ. ಮಗುವಿನ ಮೇಲಿನ ಪ್ರೀತಿಯಿಂದಲೇ ‘ಯಾರಿಗೂ ಹೇಳಬೇಡ’ ಅನ್ನುತ್ತಾರೆ. ಹೇಳಬಾರದಂಥದ್ದು ನನ್ನಲ್ಲಿ ಏನೋ ಇದೆ ಅಂತ ಮಗುವಿಗೆ ಅನ್ನಿಸುತ್ತದೆ. 1980ರಲ್ಲಿ ಷ್ನೈಡರ್ ಮತ್ತು ಕಾನ್ರಾಡ್ ಎಂಬ ಸಂಶೋಧಕರು ಇಂಥವರನ್ನು ‘ಕಳಂಕದ ತರಬೇತುದಾರರು’ ಎಂದು ಕರೆದರು. ಕೇಳಲು ಒರಟು ಮಾತು, ಆದರೆ ಪಕ್ಕಾ ಮಾತು.

ಎಲ್ಲವನ್ನೂ ಸಮಾಜದ ಮೇಲೆ ಹಾಕಿದರೂ ಉತ್ತರ ಅರ್ಧವೇ. ಮೊದಲೇ ಖಿನ್ನತೆ ಇದ್ದವರಿಗೆ ಮುಂದೆ ಮೂರ್ಛೆ ರೋಗ ಬರುವ ಸಂಭವವೂ ಉಳಿದವರಿಗಿಂತ ಜಾಸ್ತಿ. ಅಂದರೆ ಬಾಣ ಎರಡೂ ಕಡೆಗಿದೆ. ಎಷ್ಟೋ ಜನರಲ್ಲಿ ಫಿಟ್ಸ್ ಹುಟ್ಟುವ ಟೆಂಪೊರಲ್ ಲೋಬಿನ (ಕಿವಿಯ ಬಳಿಯ ಮೆದುಳಿನ ಭಾಗ) ಒಳಭಾಗಕ್ಕೂ ಭಾವನೆಗಳಿಗೂ ಹತ್ತಿರದ ನಂಟಿದೆ. ಕೆಲವರಿಗೆ ಫಿಟ್ಸ್ ಬರುವ ಮುಂಚೆ ಕೆಲವು ಗಂಟೆ, ಬಂದ ಮೇಲೆ ಒಂದೆರಡು ದಿನ ಮನಸ್ಸು ಕುಗ್ಗಿರುತ್ತದೆ.

ಗುರುತಿಸುವುದರಲ್ಲೂ ಒಂದು ತೊಡಕಿದೆ. ಸುಸ್ತು, ನಿದ್ದೆಯ ಏರುಪೇರು, ಮರೆವು ಖಿನ್ನತೆಯ ಲಕ್ಷಣಗಳು ಹೌದು. ಫಿಟ್ಸ್ ಮಾತ್ರೆಯಿಂದಲೂ ಅವೇ ಬರುತ್ತವೆ. ಆದ್ದರಿಂದ ಮೂರ್ಛೆ ರೋಗ ಇರುವವರಿಗೆಂದೇ ಮಾಡಿದ ಎನ್‌ಡಿಡಿಐ-ಇ ಎಂಬ ಆರು ಪ್ರಶ್ನೆಗಳ ಪಟ್ಟಿ ಆ ಲಕ್ಷಣಗಳನ್ನು ಕೇಳುವುದೇ ಇಲ್ಲ. ಎಲ್ಲವೂ ಕಷ್ಟ ಅನ್ನಿಸುತ್ತದಾ, ನಾನು ಮಾಡಿದ್ದೆಲ್ಲ ತಪ್ಪು ಅನ್ನಿಸುತ್ತದಾ, ಸತ್ತರೇ ಒಳ್ಳೆಯದು ಅನ್ನಿಸುತ್ತದಾ, ಹೀಗೆ ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ. ಅಂಕ 15 ದಾಟಿದರೆ ಬಿಡಿಸಿ ನೋಡಬೇಕು. ಸಾವಿನ ಪ್ರಶ್ನೆ ಕೇಳಲು ನಮಗೇ ಮುಜುಗರ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ಸುಮ್ನೆ ಭಯ, ಕೇಳಲೇಬೇಕು.

ಚಿಕಿತ್ಸೆಯ ಬಗ್ಗೆ ಚುಟುಕಾಗಿ. ಖಿನ್ನತೆಯ ಔಷಧಿ ಕೊಟ್ಟರೆ ಫಿಟ್ಸ್ ಜಾಸ್ತಿಯಾಗುತ್ತದೆ ಎಂಬ ಹಳೆಯ ಹೆದರಿಕೆಯಿಂದ ಎಷ್ಟೋ ಜನರಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ಆ ಔಷಧಿಗಳಲ್ಲಿ ಎಸ್‌ಎಸ್‌ಆರ್‌ಐ ಎಂಬ ಗುಂಪಿನವು ಮಾಮೂಲು ಪ್ರಮಾಣದಲ್ಲಿ ಸಾಮಾನ್ಯವಾಗಿ ಸುರಕ್ಷಿತ. ಎಚ್ಚರ ಬೇಕಾದದ್ದು ಬುಪ್ರೊಪಿಯಾನ್, ಕ್ಲೋಮಿಪ್ರಮಿನ್ ಥರದವುಗಳಲ್ಲಿ. ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಸಿಬಿಟಿ ಎಂಬ ಮಾತುಚಿಕಿತ್ಸೆಯೂ ಉಪಯೋಗಕ್ಕೆ ಬರುತ್ತದೆ. ಇನ್ನು ಫಿಟ್ಸ್ ಮಾತ್ರೆಗಳಲ್ಲೇ ಲೆವೆಟಿರಾಸಿಟಮ್, ಟೋಪಿರಮೇಟ್, ಫಿನೊಬಾರ್ಬಿಟೋನ್ ಕೆಲವರ ಮನಸ್ಸನ್ನು ಕುಗ್ಗಿಸುತ್ತವೆ, ಸಿಟ್ಟು ಬರಿಸುತ್ತವೆ. ಹಾಗಂತ ದಿಢೀರನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದುಬಿಡಬಹುದು. ಬದಲಿಸುವುದು ವೈದ್ಯರ ಕೆಲಸ. ಕೇಸ್ ಬರೆಯುವಾಗ ನಾವು ಮಾಡಬೇಕಾದದ್ದು ಇಷ್ಟು: ಹೊಸ ಮಾತ್ರೆ ಶುರುವಾದ ತಾರೀಖು, ಮನಸ್ಸು ಕುಗ್ಗಿದ ತಾರೀಖು, ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳುವುದು.