“ಬಿಡಿ ಸಾರ್, ಪರವಾಗಿಲ್ಲ”: ಖಾಕಿಗೆ ಸಿಗುವ ರಿಯಾಯಿತಿಯ ಹಳೆಯ ಲೆಕ್ಕ

ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ ಈ ಪುಟ್ಟ ನಾಟಕವನ್ನು ನೀವೂ ನೋಡಿರುತ್ತೀರಿ. ಖಾಕಿ ಹಾಕಿದವರು ಜೇಬಿಗೆ ಕೈ ಹಾಕುತ್ತಾರೆ. ಮಾಲೀಕರು “ಬಿಡಿ ಸಾರ್, ಪರವಾಗಿಲ್ಲ” ಅನ್ನುತ್ತಾರೆ. “ಇಲ್ಲ ಇಲ್ಲ, ತಗೊಳ್ರೀ” ಎಂದು ಒಂದು ಸುತ್ತು ಆಗುತ್ತದೆ. ಕೆಲವರು ದುಡ್ಡು ಇಟ್ಟೇ ಹೋಗುತ್ತಾರೆ. ಕೆಲವರ ಕೈ ಜೇಬಿನಿಂದ ಖಾಲಿಯಾಗಿಯೇ ಹೊರಬರುತ್ತದೆ. ಹಿಂದೆ ನಿಂತ ನಾವು ಎರಡು ಇಡ್ಲಿಗೆ ಚಿಲ್ಲರೆ ಎಣಿಸುತ್ತಿರುತ್ತೇವೆ.

ಅದು ಪ್ರೀತಿಯೋ, ಭಯವೋ? ಹೇಳುವುದು ಕಷ್ಟ. ರಾತ್ರಿ ಬಾಗಿಲು ಹಾಕುವ ಹೊತ್ತು, ಫುಟ್‌ಪಾತಿಗೆ ಚಾಚಿದ ಟೇಬಲ್ಲು, ಗಿರಾಕಿಗಳ ಬೈಕು, ಎಲ್ಲದಕ್ಕೂ ಮಾಲೀಕರಿಗೆ ಠಾಣೆಯ ಜೊತೆ ವ್ಯವಹಾರ ಇದ್ದೇ ಇದೆ.

ನಮ್ಮ ಭಾಷೆಗೆ ಈ ಗೊಂದಲ ಹೊಸದಲ್ಲ. ‘ಮಾಮೂಲು’ ಅರಬ್ಬಿ ಮೂಲದ ಪದ, ರೂಢಿಯಲ್ಲಿರುವುದು ಎಂದರ್ಥ. ಮನೆಯಲ್ಲಿ ‘ಮಾಮೂಲಿ ಅಡುಗೆ’ ಅಂದರೆ ದಿನಾ ಮಾಡುವ ಅನ್ನ ಸಾರು. ಬೀದಿಯಲ್ಲಿ ‘ಮಾಮೂಲು’ ಅಂದರೆ ಏನು ಅಂತ ವಿವರಿಸಬೇಕಿಲ್ಲ, ಅಲ್ವಾ? ‘ಬಿಟ್ಟಿ’ ಇನ್ನೂ ಹಳೆಯದು. ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆಗೆ ಆ ಹೆಸರಿತ್ತು. ಈಗ ಬಿಟ್ಟಿ ಅಂದರೆ ಪುಕ್ಕಟೆ ಸಿಕ್ಕಿದ್ದು. ಕೊಟ್ಟವನ ಕಷ್ಟದ ಹೆಸರು ಪಡೆದವನ ಲಾಭದ ಹೆಸರಾಗಿಬಿಟ್ಟಿದೆ.

ಲಂಚದ ಬಗ್ಗೆ ಕಾನೂನು ಇದೆ, ರಿಯಾಯಿತಿಯ ಬಗ್ಗೆ ಎಲ್ಲಿದೆ ಅಂತ ಕೇಳುವವರಿದ್ದಾರೆ. 1860ರ ಭಾರತೀಯ ದಂಡ ಸಂಹಿತೆಯ 165ನೇ ಕಲಮು ಇದನ್ನೇ ಹೇಳುತ್ತಿತ್ತು. ತನ್ನ ಮುಂದೆ ಕೆಲಸ ಇರುವವರಿಂದ ಸರ್ಕಾರಿ ನೌಕರ ಬೆಲೆಯುಳ್ಳ ವಸ್ತುವನ್ನು ಪುಕ್ಕಟೆಯಾಗಿ ಪಡೆದರೆ ತಪ್ಪು, ತೀರಾ ಕಡಿಮೆ ಬೆಲೆ ಅಂತ ಗೊತ್ತಿದ್ದೂ ಪಡೆದರೂ ತಪ್ಪು. ಅದಕ್ಕೆ ಅಲ್ಲೇ ಒಂದು ಚೆಂದದ ಉದಾಹರಣೆ ಇತ್ತು. ಒಬ್ಬ ಕಲೆಕ್ಟರ್ ಒಂದು ಮನೆ ಬಾಡಿಗೆಗೆ ಹಿಡಿಯುತ್ತಾನೆ. ಮನೆ ಮಾಲೀಕನ ಪ್ರಕರಣ ಅದೇ ಕಲೆಕ್ಟರ್ ಮುಂದಿದೆ. ತಿಂಗಳಿಗೆ 200 ರೂಪಾಯಿ ಬಾಳುವ ಮನೆ, ಕೊಡುವುದು 50. ನೂರಾ ಅರವತ್ತು ವರ್ಷಗಳ ಹಿಂದೆಯೇ ‘ಡಿಸ್ಕೌಂಟ್’ ಕಾನೂನಿನ ಪುಟಕ್ಕೆ ಬಂದಿತ್ತು! 1988ರ ಭ್ರಷ್ಟಾಚಾರ ತಡೆ ಕಾಯ್ದೆ ಬಂದಾಗ ಈ ಮಾತು ಅದರ 11ನೇ ಕಲಮಿಗೆ ಹೋಯಿತು. 2018ರ ತಿದ್ದುಪಡಿಯಲ್ಲಿ ಪದಗಳು ಬದಲಾದವು, ತಿರುಳು ಉಳಿಯಿತು.

ಆದರೆ ಇಡ್ಲಿಗೆ ಜಾಗ ಬೇರೆ ಕಡೆ ಸಿಕ್ಕಿತು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಅಪರೂಪಕ್ಕೊಂದು ಊಟ, ಗಾಡಿಯಲ್ಲಿ ಒಂದು ಡ್ರಾಪ್ ಉಡುಗೊರೆಯ ಲೆಕ್ಕಕ್ಕೆ ಬರುವುದಿಲ್ಲ. ಅಪರೂಪಕ್ಕೆ ಎಂಬುದು ದಿನಾ ಆದಾಗ ಏನು? ಆ ಸಂದಿಯಲ್ಲೇ ಮಾಮೂಲು ಬದುಕಿಕೊಂಡಿದೆ.

ಸಂಬಳದ ಮಾತು ಬಿಟ್ಟರೆ ಇದು ಅರ್ಧ ಕತೆ. ಆಂಡ್ರ್ಯೂ ಫ್ರೇಜರ್ ಅಧ್ಯಕ್ಷತೆಯ 1902-03ರ ಪೊಲೀಸ್ ಆಯೋಗ, ಜನ ಪೊಲೀಸರನ್ನು ಭ್ರಷ್ಟರು, ದಬ್ಬಾಳಿಕೆಯವರು ಅಂತಲೇ ಕಾಣುತ್ತಾರೆ ಎಂದು ಬರೆಯಿತು. ಜೊತೆಗೆ ಕಾನ್‌ಸ್ಟೇಬಲ್‌ಗಳ ಸಂಬಳ ಹೆಚ್ಚಿಸಿ ಅಂತಲೂ ಹೇಳಿತು. ನಮ್ಮಲ್ಲಿ 2016ರ ಜೂನ್‌ನಲ್ಲಿ ಪೊಲೀಸರು ಸಾಮೂಹಿಕ ರಜೆಗೆ ಮುಂದಾದಾಗ ಇದೇ ದೂರು ಮತ್ತೆ ಎದ್ದಿತು. ಆಮೇಲೆ ಔರಾದ್ಕರ್ ಸಮಿತಿ ಬಂತು. ಅದರ ಸಂಬಳದ ಶಿಫಾರಸು ಜಾರಿಯಾಗಲು 2019 ಬೇಕಾಯಿತು. ಸಂಬಳದಲ್ಲಿ ಕೊಡದ್ದನ್ನು ಸಮಾಜ ಕಾಫಿ ತಿಂಡಿಯಲ್ಲಿ ತೀರಿಸಲಿ ಎಂದು ಸರ್ಕಾರ ಸುಮ್ನೆ ಕೂತಂತೆ ನನಗೆ ಕಾಣುತ್ತದೆ.

ಸೇನೆಗೆ ಬೇರೆ ದಾರಿ ಸಿಕ್ಕಿತ್ತು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಸೈನಿಕರಿಗೆ ಅಗ್ಗದಲ್ಲಿ ಸಾಮಾನು ಕೊಡುವ ಸಿಎಸ್‌ಡಿ ಕ್ಯಾಂಟೀನ್ ಈಗಿನ ರೂಪಕ್ಕೆ ಬಂತು. ಪೊಲೀಸ್ ಕ್ಯಾಂಟೀನ್‌ಗೆ 2006ರ ತನಕ ಕಾಯಬೇಕಾಯಿತು. ಕೇಂದ್ರ ಪಡೆಗಳ ಜೊತೆ ರಾಜ್ಯ ಪೊಲೀಸರಿಗೂ ಅಲ್ಲಿ ಅವಕಾಶ ಇದೆ. ಸಿಎಸ್‌ಡಿಗೆ 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದಲೇ ಅರ್ಧ ತೆರಿಗೆ ವಾಪಸ್. ಪೊಲೀಸ್ ಕ್ಯಾಂಟೀನ್‌ಗೆ ಅಂಥ ನೆರವು ಸಿಕ್ಕಿದ್ದು 2024ರ ಏಪ್ರಿಲ್‌ನಿಂದ. ಇಲ್ಲಿ ಕುಕ್ಕರ್ ಅಗ್ಗಕ್ಕೆ ಸಿಕ್ಕರೆ ಯಾವ ಅಂಗಡಿಯವರೂ ನಕ್ಕು ತಲೆಯಾಡಿಸಬೇಕಿಲ್ಲ. ನಷ್ಟ ಬೊಕ್ಕಸದ್ದು, ಅದಕ್ಕೆ ಆದೇಶ ಇದೆ.

ಬ್ರಿಟನ್ನಿನ ‘ಬ್ಲೂ ಲೈಟ್ ಕಾರ್ಡ್’ ಮೂರನೇ ಬಗೆ. ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಸರ್ಕಾರಿ ಆಸ್ಪತ್ರೆಯವರು 4.99 ಪೌಂಡ್ ಕೊಟ್ಟು ಎರಡು ವರ್ಷದ ಕಾರ್ಡ್ ಮಾಡಿಸಿಕೊಳ್ಳುತ್ತಾರೆ. ರಿಯಾಯಿತಿ ಕೊಡುವುದು ಅಂಗಡಿಗಳ ಇಷ್ಟ. ಕೊಡಲ್ಲ ಅಂದ ಅಂಗಡಿಯ ಮುಂದೆ ಮರುದಿನ ಯಾರೂ ಪಾರ್ಕಿಂಗ್ ದಂಡದ ಚೀಟಿ ಹಿಡಿದು ನಿಲ್ಲುವುದಿಲ್ಲ.

ತಮಿಳುನಾಡಿನಲ್ಲಿ ಮಾತ್ರ ಕೊಡಲ್ಲ ಅಂದದ್ದಕ್ಕೆ ಹೆಚ್ಚುಕಡಿಮೆ ಅಂಥ ಚೀಟಿಯೇ ಬಂತು. 2021ರಲ್ಲಿ ಅಲ್ಲಿನ ಮುಖ್ಯಮಂತ್ರಿ, ಕಾನ್‌ಸ್ಟೇಬಲ್‌ನಿಂದ ಇನ್‌ಸ್ಪೆಕ್ಟರ್ ತನಕ ಕೆಲಸ ಮಾಡುವ ಜಿಲ್ಲೆಯಲ್ಲಿ ಸರ್ಕಾರಿ ಬಸ್ ಉಚಿತ ಎಂದು ಘೋಷಿಸಿದ್ದರು. ಘೋಷಣೆ ಘೋಷಣೆಯಾಗಿಯೇ ಉಳಿದಿತ್ತು. 2024ರ ಮೇ ತಿಂಗಳಲ್ಲಿ ನಾಂಗುನೇರಿ ಬಳಿ ಕಾನ್‌ಸ್ಟೇಬಲ್ ಒಬ್ಬರು ಟಿಕೆಟ್ ತೆಗೆಯಲು ಒಪ್ಪಲಿಲ್ಲ. ಜಗಳದ ವಿಡಿಯೊ ಎಲ್ಲೆಡೆ ಹರಡಿತು. ಕರ್ತವ್ಯದ ಪ್ರಯಾಣಕ್ಕೆ ಕೊಡುವ ವಾರಂಟ್ ಇದ್ದರೆ ಮಾತ್ರ ಉಚಿತ ಎಂದಿತು ಸಾರಿಗೆ ಇಲಾಖೆ. ಮುಂದಿನ ದಿನಗಳಲ್ಲಿ ಊರೂರುಗಳಲ್ಲಿ ಟ್ರಾಫಿಕ್ ಪೊಲೀಸರು ಸರ್ಕಾರಿ ಬಸ್ಸುಗಳನ್ನೇ ತಡೆದು ದಂಡ ಹಾಕಿದರು: ನಿಲ್ಲಿಸಬಾರದ ಜಾಗ, ಸೀಟ್ ಬೆಲ್ಟ್ ಇಲ್ಲ, ಹೀಗೆ. ಕೊನೆಗೆ ಎರಡೂ ಇಲಾಖೆಗಳ ಕಾರ್ಯದರ್ಶಿಗಳು ಕೂತು ಮಾತಾಡಬೇಕಾಯಿತು. ಕೊಡಲ್ಲ ಅಂದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಆ ದಂಡದ ರಸೀದಿಗಳಿಗಿಂತ ನೇರ ಉತ್ತರ ಬೇಕೆ? ದಂಡ ಬಿದ್ದದ್ದು ಸರ್ಕಾರಿ ಬಸ್ಸಿಗೆ. ಅದೇ ಜಾಗದಲ್ಲಿ ಒಂದು ಚಹಾ ಗಾಡಿಯನ್ನು ಇಟ್ಟು ನೋಡಿ.

ನಮ್ಮ ಬಸ್ಸುಗಳಲ್ಲೂ ಈಗ ಒಂದು ತಮಾಷೆ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಮಹಿಳಾ ಕಾನ್‌ಸ್ಟೇಬಲ್ ಸಾಮಾನ್ಯ ಬಸ್ಸಿನಲ್ಲಿ ಪುಕ್ಕಟೆ ಹೋಗುತ್ತಾರೆ. ಖಾಕಿ ತೋರಿಸಿ ಅಲ್ಲ, ಪಕ್ಕದ ಸೀಟಿನ ಹೂವಿನ ವ್ಯಾಪಾರಿಯಂತೆ ಶೂನ್ಯ ಟಿಕೆಟ್ ಪಡೆದು. ಆ ಟಿಕೆಟ್ ಲೆಕ್ಕಕ್ಕೆ ಸೇರುತ್ತದೆ, ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು.

ಇನ್ನು ಸಾಲಿನಲ್ಲೇ ಇಲ್ಲದವರು. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಅಪಘಾತದ ಜಾಗಕ್ಕೆ ಎಷ್ಟೋ ಸಲ ಮೊದಲು ತಲುಪುವುದು ಅದರ ಸಿಬ್ಬಂದಿಯೇ. ಆದರೆ ಅವರು ಬಹುಕಾಲ ಏಜೆನ್ಸಿಯ ನೌಕರರಾಗಿದ್ದವರು, ಪೊಲೀಸ್ ಕ್ಯಾಂಟೀನ್ ಅವರಿಗಿಲ್ಲ. ರಾತ್ರಿ ಪಾಳಿ ಮುಗಿಸಿ ಅವರೂ ಅದೇ ಹೋಟೆಲಿಗೆ ಬರುತ್ತಾರೆ. ಕ್ಯಾಷಿಯರ್ ತಲೆ ಎತ್ತದೆ ಹೇಳುತ್ತಾರೆ: “ಎಂಬತ್ತಾಯ್ತು, ಚಿಲ್ಲರೆ ಕೊಡಿ.”